ಗಟ್ಟಿಯಾಗಿ ನಿಂತ ಚಿಕ್ಕ ಜನರೇಟರ್

ಹಾಸನದ ಹೊರವಲಯದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ಕರೆಂಟ್ ಹೋದಾಗ 125 ಕೆವಿಎ ಮತ್ತು 62.5 ಕೆವಿಎ ಡಿಜಿ (ಡೀಸೆಲ್ ಜನರೇಟರ್) ಸೆಟ್‌ಗಳು ಒಂದೇ ಬಸ್‌ಬಾರಿಗೆ (ಎರಡರ ವಿದ್ಯುತ್ತೂ ಕೂಡುವ ಲೋಹದ ಪಟ್ಟಿ) ಸೇರಿ ಓಡಬೇಕು. 0.8 ಪವರ್ ಫ್ಯಾಕ್ಟರಿನಲ್ಲಿ ಅವುಗಳ ಶಕ್ತಿ 100 ಮತ್ತು 50 ಕಿಲೋವ್ಯಾಟ್. ಹಲ್ಲರ್ (ಕಾಫಿ ಸಿಪ್ಪೆ ಸುಲಿಯುವ ಯಂತ್ರ) ನಿಲ್ಲಿಸಿದರೆ ಚಿಕ್ಕದು ಟ್ರಿಪ್ ಆಗುತ್ತಿತ್ತು. ಮತ್ತೆ ಚಾಲೂ ಮಾಡಿದರೆ ದೊಡ್ಡದೂ ಓವರ್‌ಲೋಡ್ ಆಗಿ ಇಡೀ ಶೆಡ್ಡು ಕತ್ತಲು.

“ಚಿಕ್ಕದು ಐವತ್ತರಲ್ಲೇ ಗಟ್ಟಿಯಾಗಿ ನಿಲ್ಲುತ್ತೆ ಸಾರ್, ದೊಡ್ಡದೇ ಅಲ್ಲಾಡೋದು” ಎಂದರು ಆಪರೇಟರ್. ಗುಟ್ಟು ಆ ಮಾತಿನಲ್ಲೇ ಇತ್ತು. ಬೇರೆಬೇರೆಯಾಗಿ ಓಡಿಸಿ ನೋಡಿದಾಗ ಚಿಕ್ಕದು ಖಾಲಿಯಲ್ಲೂ 50 ಹರ್ಟ್ಸ್, 25 ಕಿಲೋವ್ಯಾಟ್ ಹೇರಿದರೂ 50. ಅಂದರೆ ಎಂಜಿನ್ ವೇಗ ಕಾಯುವ ಅದರ ಗವರ್ನರಿನಲ್ಲಿ ಡ್ರೂಪ್ (ಲೋಡ್ ಏರಿದಂತೆ ವೇಗವನ್ನು ತುಸು ಇಳಿಯಬಿಡುವ ಗುಣ) ಸೊನ್ನೆ. ದೊಡ್ಡದು ಖಾಲಿಯಲ್ಲಿ 51.2, ಅರ್ಧ ಲೋಡಿಗೆ 50.2. ಪೂರ್ತಿ ಲೋಡಿಗೆ 2 ಹರ್ಟ್ಸ್ ಇಳಿತ, ಅಂದರೆ 50ರ ಶೇ. 4ರ ಡ್ರೂಪ್, ಸರಿಯಾಗಿಯೇ ಇತ್ತು.

ಎರಡನ್ನೂ ಸೇರಿಸಿದಾಗ ಚಿಕ್ಕದು ಬಸ್‌ಬಾರನ್ನು 50ರಲ್ಲೇ ಹಿಡಿದಿಡುತ್ತದೆ. ಆ ಫ್ರೀಕ್ವೆನ್ಸಿಗೆ ದೊಡ್ಡದರ ಪಾಲು 60 ಕಿಲೋವ್ಯಾಟ್, ಅದು ಕದಲುವುದಿಲ್ಲ. ಲೋಡಿನ ಏರಿಳಿತವೆಲ್ಲ ಚಿಕ್ಕದರ ತಲೆಗೆ. ಹಲ್ಲರ್ ನಿಂತು ಒಟ್ಟು ಲೋಡ್ 40ಕ್ಕೆ ಇಳಿದರೆ ಉಳಿದ 20 ಕಿಲೋವ್ಯಾಟ್ ಚಿಕ್ಕದರೊಳಗೆ ಹಿಮ್ಮುಖವಾಗಿ ನುಗ್ಗಿ, ರಿವರ್ಸ್ ಪವರ್ ರಿಲೇ ಅದನ್ನು ಕಳಚುತ್ತದೆ. ಆಮೇಲೆ ಹಲ್ಲರ್ ಶುರುವಾದರೆ 110 ಕಿಲೋವ್ಯಾಟ್ ಪೂರ್ತಿ ದೊಡ್ಡದರ ಮೇಲೆ.

ಎರಡು ಗವರ್ನರುಗಳ ನಡುವೆ ಒಂದೂ ತಂತಿ ಇರಬೇಕಾಗಿಲ್ಲ ಎಂಬುದೇ ಡ್ರೂಪಿನ ಸೊಗಸು. ಪ್ರತಿ ಎಂಜಿನ್ ತನ್ನ ವೇಗವನ್ನಷ್ಟೇ ನೋಡುತ್ತದೆ. ಒಂದೇ ಬಸ್‌ಬಾರಾದ್ದರಿಂದ ಫ್ರೀಕ್ವೆನ್ಸಿ ಎರಡಕ್ಕೂ ಒಂದೇ. ಅದು ತುಸು ಇಳಿದರೆ ಇಬ್ಬರಿಗೂ ಸುದ್ದಿ ಮುಟ್ಟಿದಂತೆ. ದೇಶದ ಗ್ರಿಡ್ಡಿನಲ್ಲೂ ಮೊದಲ ಕ್ಷಣಗಳ ರಕ್ಷಣೆ ಇದೇ: ದೊಡ್ಡ ಉಷ್ಣ, ಜಲ ಘಟಕಗಳ ಗವರ್ನರುಗಳಿಗೆ ಶೇ. 3ರಿಂದ 6ರ ಡ್ರೂಪ್ ಇಡಬೇಕೆಂದು ಗ್ರಿಡ್ ಕೋಡ್ ಹೇಳುತ್ತದೆ. 49.90ರಿಂದ 50.05ರ ಪಟ್ಟಿಯೊಳಗೆ ಮರಳಿ ತರುವ ನಿಧಾನದ ಕೆಲಸ ಆಮೇಲಿನದು.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ಆಕ್ಚುಯೇಟರ್ ಲಿಂಕೇಜ್ (ಗವರ್ನರಿನ ಆಜ್ಞೆಯಂತೆ ಇಂಧನ ಹೆಚ್ಚುಕಡಿಮೆ ಮಾಡುವ ಸರಳುಗಳ ಜೋಡಣೆ) ಬಿಗಿಯಾಗಿ ಹಿಡಿದಿದೆಯೇ, ಸಡಿಲವಾಗಿದೆಯೇ ನೋಡಿದ್ದಾಯಿತು. ಅಂಟಿಕೊಳ್ಳುವ ಲಿಂಕೇಜ್ ಇದ್ದರೆ ಯಾವ ಡ್ರೂಪ್ ಇಟ್ಟರೂ ಎಂಜಿನ್ ಹಂಟಿಂಗ್ (ವೇಗದ ತೂಗಾಟ) ಬಿಡುವುದಿಲ್ಲ. ಬಳಿಕ ಚಿಕ್ಕದಕ್ಕೂ ಶೇ. 4: ಖಾಲಿಯಲ್ಲಿ 52 (1560 ಆರ್‌ಪಿಎಂ), 25 ಕಿಲೋವ್ಯಾಟ್‌ಗೆ 51. ಡ್ರೂಪ್ ತಿರುಪು ತಿರುಗಿಸಿದರೆ ಖಾಲಿ ವೇಗವೂ ಸರಿಯುವುದರಿಂದ ಒಂದನ್ನು ಸರಿಪಡಿಸಿ ಇನ್ನೊಂದಕ್ಕೆ ಬರಬೇಕು, ಎರಡೂ ಕೂಡುವವರೆಗೆ. ದೊಡ್ಡದನ್ನೂ ಖಾಲಿಯಲ್ಲಿ 52ಕ್ಕೆ ಏರಿಸಿದೆವು.

ಚಿಕ್ಕದಕ್ಕೆ ಶೇ. 2 ಸಾಕಲ್ಲವೇ ಎಂಬ ಪ್ರಶ್ನೆ ಬಂತು. ಆಗ ಎರಡೂ ಹರ್ಟ್ಸ್‌ಗೆ 50 ಕಿಲೋವ್ಯಾಟ್ ಕೊಡುತ್ತವೆ; 110ರ ಲೋಡಿಗೆ ತಲಾ 55, ಚಿಕ್ಕದು ಓವರ್‌ಲೋಡ್. ಇನ್ನೂ ಬಿಗಿ ಮಾಡಿ ಶೇ. 1ಕ್ಕೆ ತಂದರೆ ಇಂಧನ, ಟರ್ಬೊಗಳ ತಡದಿಂದ ಎಂಜಿನ್ ವೇಗ ಮಿತಿ ಮೀರಿ ಏರಿ, ಮತ್ತೆ ಅತಿಯಾಗಿ ಇಳಿದು ತೂಗಾಡತೊಡಗಬಹುದು.

ವೋಲ್ಟೇಜ್ ಸಮ ಮಾಡಿ, ಬರುವ ಸೆಟ್ಟನ್ನು ತುಸು ವೇಗವಾಗಿಟ್ಟು, ಸಿಂಕ್ರೊಸ್ಕೋಪ್ (ಎರಡು ಸೆಟ್ಟುಗಳ ಹೊಂದಾಣಿಕೆ ತೋರಿಸುವ ಮಾಪಕ) ಮುಳ್ಳು ಹತ್ತು ಸೆಕೆಂಡಿಗೊಂದು ಸುತ್ತು ಬರುವಾಗ ಹನ್ನೆರಡರ ಕೊಂಚ ಮೊದಲೇ ಬ್ರೇಕರ್ ಹಾಕಲಾಯಿತು. 90 ಕಿಲೋವ್ಯಾಟ್‌ಗೆ 50.8 ಹರ್ಟ್ಸ್, ಹಂಚಿಕೆ ಸುಮಾರು 60 ಮತ್ತು 30. ಹಲ್ಲರ್ ನಿಲ್ಲಿಸಿದಾಗ 51.5ರ ಆಸುಪಾಸು, 27 ಮತ್ತು 13. ಟ್ರಿಪ್ ಆಗಲಿಲ್ಲ.

ಆದರೂ ಆಂಪಿಯರುಗಳು ಲೆಕ್ಕಕ್ಕೆ ಕೂಡುತ್ತಿರಲಿಲ್ಲ. ಅದು ಗವರ್ನರಿನ ವಿಷಯವಲ್ಲ, ಕೆವಿಎಆರ್ (ಕೆಲಸ ಮಾಡದೆ ಹಿಂದೆ ಮುಂದೆ ಹರಿಯುವ ರಿಯಾಕ್ಟಿವ್ ಪವರ್) ಹಂಚಿಕೆಯದು. ಚಿಕ್ಕ ಸೆಟ್ಟಿನ ಎವಿಆರ್‌ಗೆ (ವೋಲ್ಟೇಜ್ ಕಾಯುವ ಸಾಧನ) ಬರುವ ಡ್ರೂಪ್ ಸಿಟಿಯ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಎರಡು ತಂತಿ ಅದಲುಬದಲಾಗಿದ್ದವು. ಸೆಟ್ ನಿಲ್ಲಿಸಿಯೇ ಅವನ್ನು ಬದಲಿಸಬೇಕು; ಓಡುವಾಗ ಸಿಟಿ ಸರ್ಕ್ಯೂಟ್ ಬಿಚ್ಚಿದರೆ ಅಪಾಯಕಾರಿ ವೋಲ್ಟೇಜ್ ಹುಟ್ಟುತ್ತದೆ.