ಕುದುರೆಮುಖದಿಂದ ಕಾಳಿವರೆಗೆ: ಒಂದು ವಾರ, ಗೇಟಿನ ಗಡಿಯಾರ ನೋಡಿಕೊಂಡು

ಘಟ್ಟ, ಕಡಲು, ಕಾಡು ಮೂರನ್ನೂ ಒಂದೇ ವಾರದಲ್ಲಿ ಕಾರಿನಲ್ಲಿ ಸುತ್ತಬೇಕೆಂದು ಹೊರಡುವವರು ಮೊದಲು ಮ್ಯಾಪ್ ತೆರೆದು ಕಿಲೋಮೀಟರ್ ಎಣಿಸುತ್ತಾರೆ. ಪ್ಲಾನ್ ಕೆಡುವುದು ಅಲ್ಲೇ. ಬೆಂಗಳೂರಿನಿಂದ ಕುದುರೆಮುಖ, ಉಡುಪಿ, ಹೊನ್ನಾವರ, ಕಾರವಾರ, ಅಣಶಿ, ದಾಂಡೇಲಿ ಮುಗಿಸಿ ಮರಳಿದರೆ ಸುಮಾರು 1,300 ಕಿ.ಮೀ. ಏಳು ದಿನಕ್ಕೆ ಇದು ಏನೂ ಅಲ್ಲ. ನಿಮ್ಮನ್ನು ಕಟ್ಟಿಹಾಕುವುದು ದೂರವಲ್ಲ, ಸಮಯ. ಚಾರಣದ ಪರವಾನಗಿ ಯಾವ ದಿನಕ್ಕೆ ಸಿಕ್ಕಿತು, ಅರಣ್ಯದ ಗೇಟು ಎಷ್ಟಕ್ಕೆ ಮುಚ್ಚುತ್ತದೆ, ದೋಣಿ ಎಷ್ಟಕ್ಕೆ ಹೊರಡುತ್ತದೆ, ಸಫಾರಿ ಜೀಪು ಎಷ್ಟಕ್ಕೆ ಬಿಡುತ್ತದೆ. ಇವನ್ನು ಮೊದಲು ಗುರುತು ಹಾಕಿಕೊಂಡು ಉಳಿದದ್ದನ್ನು ಅವುಗಳ ನಡುವೆ ತುಂಬಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿರುವುದು ಐದು ರಾಷ್ಟ್ರೀಯ ಉದ್ಯಾನಗಳು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಕಡಲಂಚಿನಲ್ಲಿ ಒಂದೂ ಇಲ್ಲ. ಹಾಗಾಗಿ ಈ ದಾರಿಯಲ್ಲಿ ಎರಡು ತುದಿಗೆ ಎರಡು ಉದ್ಯಾನ, ನಡುವೆ ಕರಾವಳಿ. ಕುದುರೆಮುಖ, ಅಣಶಿ ಎರಡೂ 1987ರಲ್ಲಿ ಘೋಷಣೆಯಾದವು. ಅಣಶಿ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಂದು ಭಾಗ.

ಯಾವಾಗ ಹೋಗುವುದು? ನವೆಂಬರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ನೋಡಲು ಚೆಂದ, ಗಾಡಿ ಓಡಿಸಲು ಅಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಯಿತು. ನಮ್ಮ ದಾರಿ ಹೋಗುವುದೂ ಅದೇ ಜಾಗದಲ್ಲಿ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇರುವುದಿಲ್ಲ. ಫೆಬ್ರವರಿಯಿಂದ ಹುಲ್ಲುಗಾವಲು ಒಣಗಿ ಕಾಳ್ಗಿಚ್ಚಿನ ಭಯ ಶುರುವಾಗುತ್ತದೆ, ಚಾರಣ ಯಾವಾಗ ನಿಲ್ಲಿಸುತ್ತಾರೋ ಗೊತ್ತಾಗುವುದಿಲ್ಲ. ನವೆಂಬರ್‌ನಲ್ಲಿ ಗುಡ್ಡ ಇನ್ನೂ ಹಸಿರು, ಹಳ್ಳಗಳಲ್ಲಿ ನೀರಿದೆ, ಸಮುದ್ರ ತಣ್ಣಗಾಗಿದೆ, ಉಂಬಳ (ಜಿಗಣೆ) ಕಡಿಮೆಯಾಗಿದೆ. ಹಿಂಗಾರು ಒಂದೆರಡು ದಿನ ಕಾಡಬಹುದು, ಅಷ್ಟು ಸಹಿಸಿಕೊಳ್ಳಿ.

ಹೊರಡುವ ದಿನ ಭಾನುವಾರವಾಗಿರಲಿ. ವಾರಾಂತ್ಯಕ್ಕೆ ಹೋಗುವವರೆಲ್ಲ ಶುಕ್ರವಾರ ರಾತ್ರಿ, ಶನಿವಾರವೇ ಹೋಗಿರುತ್ತಾರೆ. ಭಾನುವಾರ ಬೆಳಗ್ಗೆ 5ಕ್ಕೆ ನೆಲಮಂಗಲ ಖಾಲಿ. ಸೋಮವಾರ ಚಾರಣ, ಮಂಗಳವಾರ ಮಲ್ಪೆ, ಗುರುವಾರ–ಶುಕ್ರವಾರ ಕಾಳಿಯಲ್ಲಿ ಎರಡು ರಾತ್ರಿ, ಶನಿವಾರ ವಾಪಸ್. ಜನ ಮುಗಿಬೀಳುವ ಜಾಗಗಳೆಲ್ಲ ಕೆಲಸದ ದಿನಕ್ಕೇ ಬೀಳುತ್ತವೆ, ಭಾನುವಾರ ಸಂಜೆ ತುಮಕೂರು ರಸ್ತೆಯ ಜಾಮ್ ತಪ್ಪುತ್ತದೆ. ಸೋಮವಾರ ಆಫೀಸಿಗೆ ಮುಂಚೆ ಒಂದು ದಿನ ವಿಶ್ರಾಂತಿಯೂ ಆಯಿತು.

ಬುಕಿಂಗ್‌ಗೂ ಒಂದು ಕ್ರಮ ಇದೆ. ಮೊದಲು ಚಾರಣದ ಟಿಕೆಟ್. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿದ ಮೇಲೆ ಅರಣ್ಯ ಇಲಾಖೆ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ ಬುಕಿಂಗನ್ನು ಆನ್‌ಲೈನ್ ಮಾಡಿತು. ಕುದುರೆಮುಖಕ್ಕೂ ಇಲಾಖೆಯ ಅರಣ್ಯ ವಿಹಾರ ತಾಣದಲ್ಲೇ ಟಿಕೆಟ್. ಗೇಟಿಗೆ ಹೋಗಿ ಕೇಳಿದರೆ ಸಿಗುವುದಿಲ್ಲ. ಬುಕಿಂಗ್‌ನಲ್ಲಿರುವ ಹೆಸರೂ ಗುರುತಿನ ಚೀಟಿಯಲ್ಲಿರುವ ಹೆಸರೂ ಒಂದೇ ಆಗಿರಬೇಕು. ಎರಡನೆಯದು ಕಾಳಿಯಲ್ಲಿ ಉಳಿಯುವ ಜಾಗ: ಕುಳಗಿಯ ಪ್ರಕೃತಿ ಶಿಬಿರ ಅಥವಾ ಗಣೇಶಗುಡಿಯಲ್ಲಿ ಜಂಗಲ್ ಲಾಡ್ಜಸ್‌ನವರ ಓಲ್ಡ್ ಮ್ಯಾಗಜಿನ್ ಹೌಸ್. ಈ ಎರಡು ಖಚಿತವಾದ ಮೇಲೆ ಕಳಸದ ಹೋಮ್‌ಸ್ಟೇ, ಉಡುಪಿ, ಹೊನ್ನಾವರದ ರೂಮು. ಅವು ಕೆಲಸದ ದಿನಗಳಲ್ಲಿ ಹಿಂದಿನ ವಾರ ಕೇಳಿದರೂ ಸಿಗುತ್ತವೆ. ಎಷ್ಟೋ ಜನ ಇದನ್ನು ತಿರುವುಮುರುವು ಮಾಡಿ, ಮುಂಗಡ ಕೊಟ್ಟ ರೂಮಿಗಾಗಿ ಚಾರಣವನ್ನೇ ಬಿಡುತ್ತಾರೆ.

ಗಾಡಿಯ ವಿಷಯಕ್ಕೆ ಬರೋಣ. ಸರ್ವಿಸ್ ಮಾಡಿಸಿದ್ದೇನೆ ಅಂದರೆ ಸಾಲದು, ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಸೇರಿದ ಮೇಲೆ ಅದು 155ರವರೆಗೂ ಇಳಿಯಬಹುದು. ಎಸ್‌.ಕೆ. ಬಾರ್ಡರ್‌ನಿಂದ (ಕುದುರೆಮುಖ–ಕಾರ್ಕಳ ರಸ್ತೆಯ ಸೌತ್ ಕೆನರಾ ಗಡಿ) ಮಾಳದ ಕಡೆಗೆ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ಆಯಿಲ್ ಕುದ್ದು ಗುಳ್ಳೆ ಏಳುತ್ತದೆ. ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಸುಟ್ಟ ವಾಸನೆ ಬಂತೆಂದರೆ ಅದು ಮೊದಲ ಎಚ್ಚರಿಕೆ: ಅಗಲವಾದ ಜಾಗ ನೋಡಿ ನಿಲ್ಲಿಸಿ, ಇಪ್ಪತ್ತು ನಿಮಿಷ ಆರಲು ಬಿಡಿ, ಚಕ್ರಕ್ಕೆ ನೀರು ಮಾತ್ರ ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಇಳಿಜಾರಿನಲ್ಲಿ ಎರಡು ಅಥವಾ ಮೂರನೇ ಗೇರ್, ವೇಗವನ್ನು ಎಂಜಿನ್ನೇ ಹಿಡಿಯಲಿ. ಆಟೋಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್‌ಗೋ ‘ಎಲ್‌’ಗೋ ಹಾಕಿ. ನ್ಯೂಟ್ರಲ್‌ನಲ್ಲಿ ಬಿಟ್ಟು ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆ ಘಟ್ಟದಲ್ಲಿ ಬೇಡ.

ಇನ್ನು ಟೈರು. ಸ್ಟೆಪ್ನಿಯ ಗಾಳಿ ನೋಡುವವರು ಹತ್ತರಲ್ಲಿ ಇಬ್ಬರು. ಜ್ಯಾಕ್, ವೀಲ್ ಸ್ಪ್ಯಾನರ್ ಡಿಕ್ಕಿಯಲ್ಲಿವೆಯೇ, ನಟ್ ಕೈಯಲ್ಲಿ ತಿರುಗುತ್ತದೆಯೇ ಎಂದು ಮನೆ ಮುಂದೆಯೇ ನೋಡಿ. ಅಂಗಡಿಯಲ್ಲಿ ಗನ್ ಹಾಕಿ ಬಿಗಿದ ನಟ್ ಕೆಲವೊಮ್ಮೆ ಮೇಲೆ ನಿಂತು ತುಳಿದರೂ ಜಗ್ಗುವುದಿಲ್ಲ. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಮತ್ತು 12 ವೋಲ್ಟ್‌ನ ಗಾಳಿ ಪಂಪ್ ಜೊತೆಗಿರಲಿ. ಮೊಳೆ ಯಾವ ಕೋನದಲ್ಲಿ ಹೊಕ್ಕಿದೆಯೋ ಅದೇ ಕೋನದಲ್ಲಿ ಇಕ್ಕಳದಿಂದ ಎಳೆಯಿರಿ. ಅರದಂತಿರುವ ಕಡ್ಡಿಯನ್ನು ಆ ತೂತಿನಲ್ಲಿ ಎಂಟು–ಹತ್ತು ಸಲ ಆಡಿಸಿ ಒಳಗನ್ನು ಒರಟು ಮಾಡಿ. ರಬ್ಬರ್ ಬತ್ತಿಯನ್ನು ಸೂಜಿಯ ಕಣ್ಣಿಗೆ ಅರ್ಧಕ್ಕೆ ಪೋಣಿಸಿ, ಸೊಲ್ಯೂಶನ್ ಸವರಿ, ಎರಡೂ ತುದಿ ಒಂದೂವರೆ ಸೆಂಟಿಮೀಟರ್ ಹೊರಗುಳಿಯುವಷ್ಟು ಒಳಕ್ಕೆ ಒತ್ತಿ ಸೂಜಿಯನ್ನು ಒಂದೇ ಏಟಿಗೆ ಎಳೆಯಿರಿ. ನಿಧಾನಕ್ಕೆ ಎಳೆದರೆ ಬತ್ತಿಯೂ ಜೊತೆಗೆ ಬರುತ್ತದೆ. ಗಾಳಿ ತುಂಬಿ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಬರದಿದ್ದರೆ ಮೂರ್ನಾಲ್ಕು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಇದು ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ. ಘಟ್ಟದ ರಸ್ತೆಯಲ್ಲಿ ಎದುರಿನ ಬಸ್ಸಿಗೆ ಜಾಗ ಬಿಡಲು ಹೋಗಿ ಡಾಂಬರಿನ ಮುರಿದ ಅಂಚು ಟೈರಿನ ಪಕ್ಕೆ ಸೀಳುವುದೇ ಹೆಚ್ಚು, ಅದಕ್ಕೆ ಬತ್ತಿ ನಿಲ್ಲುವುದಿಲ್ಲ, ಸ್ಟೆಪ್ನಿಯೇ ಗತಿ.

ಭಾನುವಾರ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ: ಒಟ್ಟು 325 ಕಿ.ಮೀ. ಆಸುಪಾಸು. ಹಾಸನದವರೆಗೆ ಮೂರು ಗಂಟೆ, ಅಲ್ಲಿಂದ ಮುಂದೆ ಅದಕ್ಕಿಂತ ಕಡಿಮೆ ದೂರಕ್ಕೆ ನಾಲ್ಕು ಗಂಟೆ. ಬೇಲೂರಿನಲ್ಲಿ ಇಳಿದರೆ ಒಂದೂವರೆ ಗಂಟೆ ಹೋಯಿತು ಅಂದುಕೊಳ್ಳಿ. 5ಕ್ಕೆ ಹೊರಟವರಿಗೆ ಅಷ್ಟು ಸಮಯ ಇದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮುಂದೆ ಹೊರಟರೆ ಉಳಿದ ದಾರಿಯೆಲ್ಲ ಎಸ್ಟೇಟುಗಳ ನಡುವೆ ತಿರುವು. ಹಿಂದಿನ ಸೀಟಿನವರಿಗೆ ವಾಂತಿಯಾಗುವುದೂ ಇಲ್ಲೇ, ದೋಸೆ ಎರಡೇ ಇರಲಿ. ಕಳಸದಲ್ಲಿ ಟ್ಯಾಂಕ್ ತುಂಬಿಸಿ, ನಗದು ತೆಗೆದುಕೊಳ್ಳಿ. ಜೀಪಿನವರು, ಗೈಡ್‌, ಗೂಡಂಗಡಿ ಎಲ್ಲ ಯುಪಿಐ ತೆಗೆದುಕೊಳ್ಳುತ್ತಾರೆ, ಆದರೆ ನೆಟ್‌ವರ್ಕ್ ಬೇಕಲ್ಲ. ಆಫ್‌ಲೈನ್ ಮ್ಯಾಪನ್ನು ಬೆಂಗಳೂರಿನಲ್ಲೇ ಇಳಿಸಿಕೊಂಡಿರಬೇಕು.

ಸೋಮವಾರದ ಕುದುರೆಮುಖ ಚಾರಣ ಹೋಗಿಬರುವುದು ಸೇರಿ ಸುಮಾರು 20 ಕಿ.ಮೀ. ಶಿಖರ 1,890 ಮೀಟರ್ ಆಸುಪಾಸು. ಬಾಳೆಗಲ್‌ನಿಂದ ಚಾರಣ ಶುರುವಾಗುವ ಮುಳ್ಳೋಡಿಗೆ ಜೀಪಿನಲ್ಲೇ ಹೋಗಿ. ಕಾರು ಒಯ್ಯುವ ಸಾಹಸ ಮಾಡಬೇಡಿ, ಎಂಜಿನ್ ಕೆಳಗಿನ ಆಯಿಲ್ ಸಂಪಿಗೆ ಕಲ್ಲು ಬಡಿದರೆ ವಾರವೆಲ್ಲ ಗ್ಯಾರೇಜಿನಲ್ಲೇ. ಗೈಡ್ ಕಡ್ಡಾಯ. 7 ಗಂಟೆಗೆ ನಡೆಯಲು ಶುರುಮಾಡಿದವರು ಸಂಜೆ 4ರೊಳಗೆ ಕೆಳಗಿರುತ್ತಾರೆ. 9ಕ್ಕೆ ಶುರುಮಾಡಿದವರನ್ನು ಗೈಡ್ ಶಿಖರ ಮುಟ್ಟುವ ಮೊದಲೇ ಹಿಂದಕ್ಕೆ ತಿರುಗಿಸುತ್ತಾನೆ, ಅವನದು ತಪ್ಪಲ್ಲ. ಒಂಟಿಮರದವರೆಗೆ ಆರಾಮ, ಆಮೇಲೆ ಏರು. ನೀರು ಎರಡು ಲೀಟರ್, ಬಾಟಲಿ ಸ್ಟೀಲಿನದಾದರೆ ಪ್ಲಾಸ್ಟಿಕ್ ಲೆಕ್ಕ ಕೊಡುವ ತಾಪತ್ರಯ ಇಲ್ಲ. ಉಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಅಥವಾ ಉಪ್ಪು ಕಟ್ಟಿದ ಬಟ್ಟೆ. ಕಚ್ಚಿದರೆ ಉಗುರಿನಿಂದ ಪಕ್ಕಕ್ಕೆ ಜಾರಿಸಿ ತೆಗೆಯಿರಿ. ರಕ್ತ ಹೆಪ್ಪುಗಟ್ಟದಂತೆ ಅದರ ಜೊಲ್ಲು ತಡೆಯುವುದರಿಂದ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ, ಗಾಬರಿ ಬೇಡ. ಮೇಲಿಂದ ಕಾಣುವ ಬೋಳು ಗುಡ್ಡಗಳಲ್ಲಿ ಎಲ್ಲವೂ ಪ್ರಕೃತಿಯದ್ದಲ್ಲ: ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತ ಕಬ್ಬಿಣದ ಅದಿರು ಗಣಿಯ ಗುರುತು ಇನ್ನೂ ಉಳಿದಿದೆ. ಅದರ ಕೆಸರು ತಡೆಯಲು ಕಟ್ಟಿದ್ದು ಲಕ್ಯಾ ಅಣೆಕಟ್ಟು.

ಮಂಗಳವಾರ ಉದ್ಯಾನದ ನಡುವಿನ ರಸ್ತೆಯಲ್ಲಿ ಕಾರ್ಕಳಕ್ಕೆ. ಚೆಕ್‌ಪೋಸ್ಟ್‌ನಲ್ಲಿ ಒಳಬಂದ ಸಮಯ ಬರೆದ ಚೀಟಿ ಕೊಡುತ್ತಾರೆ, ಆಚೆ ಗೇಟಿನಲ್ಲಿ ನೋಡುತ್ತಾರೆ. ನಡುವೆ ಫೋಟೋಗೆಂದು ನಿಂತು ತಡಮಾಡಿದರೆ ದಂಡ. ಸಂಜೆ 6ರ ಮೇಲೆ ಈ ರಸ್ತೆಯನ್ನು ನೆಚ್ಚಿಕೊಳ್ಳಬೇಡಿ. ಬೆಳಗ್ಗೆ 7ಕ್ಕೆ ಕಳಸ ಬಿಟ್ಟರೆ 11ರ ಹೊತ್ತಿಗೆ ಮಲ್ಪೆ. ಸೇಂಟ್ ಮೇರೀಸ್ ದ್ವೀಪದ ಕಂಬಗಳಂಥ ಕಲ್ಲು, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ. ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಚಪ್ಪಲಿ ಬಿಡಬೇಡಿ. ಪಾಚಿ ಹಿಡಿದ ಕಲ್ಲಿನ ಕಡೆ ಹೋಗಲೇಬೇಡಿ.

ಬುಧವಾರ ಉಡುಪಿಯಿಂದ ಹೊನ್ನಾವರ, 125 ಕಿ.ಮೀ. ಹೆದ್ದಾರಿ. ದಾರಿಯಲ್ಲಿ ಸಾಸ್ತಾನ, ಶಿರೂರು ಟೋಲ್. ಈ ಶಿರೂರು ಬೈಂದೂರಿನದು, ಗುಡ್ಡ ಕುಸಿದದ್ದಲ್ಲ. ಮರುದಿನ ಹೊಳೆಗದ್ದೆ, ಬೇಲೇಕೇರಿ. ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಸಮುದ್ರ. ಗಾಡಿ ನಿಲ್ಲಿಸುವಾಗ ಚಕ್ರ ಮರಳಿಗೆ ಇಳಿಸಬೇಡಿ. ಹೂತುಹೋದರೆ ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನಷ್ಟು ಹೂಳುತ್ತದೆ. ಟೈರಿನ ಗಾಳಿ 18–20 ಪಿಎಸ್ಐಗೆ ಇಳಿಸಿ, ಚಕ್ರದ ಮುಂದಿನ ಮರಳು ಕೈಯಲ್ಲಿ ತೆಗೆದು, ಕಾಲಡಿಯ ಮ್ಯಾಟ್ ಕೊಟ್ಟು ಮೆಲ್ಲಗೆ ಎತ್ತಬೇಕು. ರಸ್ತೆಗೆ ಬಂದ ತಕ್ಷಣ ಮತ್ತೆ ಗಾಳಿ ತುಂಬಿ. ನೇತ್ರಾಣಿಯ ಡೈವಿಂಗ್ ಈ ವಾರದಲ್ಲಿ ಬಿಡಿ, ಅದಕ್ಕೆ ಮುರುಡೇಶ್ವರದಲ್ಲಿ ಇಡೀ ದಿನ ಬೇಕು. ಬದಲಿಗೆ ಹೊನ್ನಾವರದಲ್ಲಿ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ನಡಿಗೆ ಹಾದಿ. ಭರತ–ಇಳಿತದ ಸಮಯ ನೋಡಿಕೊಂಡು ಇಳಿತದಲ್ಲಿ ಹೋಗಿ. ಕೆಸರಿನಿಂದ ಮೊಳೆಗಳಂತೆ ಮೇಲೆದ್ದ ಉಸಿರುಬೇರು, ಏಡಿ ಕಾಣುವುದು ಆಗಲೇ. ಊಟಕ್ಕೆ ಕೂತಾಗ ಒಂದು ತಮಾಷೆ: ಉಡುಪಿಯಲ್ಲಿ ಪುನರ್ಪುಳಿ (ಕೋಕಂ) ಅಂದದ್ದು ಇಲ್ಲಿಗೆ ಬರುವಷ್ಟರಲ್ಲಿ ಮುರುಗಲು ಆಗಿರುತ್ತದೆ.

ಗುರುವಾರ ಕಾರವಾರ, ಕದ್ರಾ, ಅಣಶಿ ಘಟ್ಟ, ಜೋಯಿಡಾ, ಗಣೇಶಗುಡಿ. ಸುಮಾರು 190 ಕಿ.ಮೀ., ಆರು ಗಂಟೆ. ಪೆಟ್ರೋಲ್ ಕಾರವಾರದಲ್ಲೇ ತುಂಬಿಸಿ. ಕಾಡಿನ ರಸ್ತೆಯನ್ನು ಮಧ್ಯಾಹ್ನ 3ರೊಳಗೆ ದಾಟಿದರೆ ಒಳ್ಳೆಯದು. ಮಂಗಗಳಿಗೆ ತಿಂಡಿ ಹಾಕಬೇಡಿ, ಗಾಜು ಮೇಲಿರಲಿ.

ಶುಕ್ರವಾರ ಬೆಳಗಿನ ಸಫಾರಿ. ಬಂಡೀಪುರ, ಕಬಿನಿಯ ಲೆಕ್ಕದಲ್ಲಿ ಬಂದವರಿಗೆ ಇಲ್ಲಿ ನಿರಾಸೆ ಕಾದಿದೆ. ಕಾಡು ದಟ್ಟ, ಹತ್ತು ಹೆಜ್ಜೆ ಆಚೆಯದು ಕಾಣುವುದಿಲ್ಲ. ಹುಲಿ, ಕರಿಚಿರತೆ ಇವೆ, ನಿಮಗೆ ಕಾಣಬೇಕೆಂದಿಲ್ಲ. ಇದು ಹಕ್ಕಿಗಳ ಕಾಡು. ಮಂಗಟ್ಟೆ (ಹಾರ್ನ್‌ಬಿಲ್) ಹಾರುವಾಗ ರೆಕ್ಕೆಯ ಸದ್ದು ರೈಲು ಬಂದಂತೆ ಕೇಳುತ್ತದೆ, ತಲೆ ಎತ್ತುವಷ್ಟರಲ್ಲಿ ದಾಟಿರುತ್ತದೆ. ಓಲ್ಡ್ ಮ್ಯಾಗಜಿನ್ ಹೌಸ್ ಎಂದರೆ ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಟ್ಟಿದ್ದ ಜಾಗ. ಈಗ ಅಲ್ಲಿ ನೀರಿನ ತೊಟ್ಟಿಗಳ ಎದುರು ಅಲ್ಲಾಡದೆ ಕೂತರೆ ಹಕ್ಕಿಗಳೇ ಬರುತ್ತವೆ. ರಾಫ್ಟಿಂಗ್ ಬೇಕಿದ್ದವರು ಹಿಂದಿನ ಸಂಜೆಯೇ ಕೇಳಿಕೊಳ್ಳಿ: ಸೂಪಾದಲ್ಲಿ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟರೆ ಹೊಳೆಯಲ್ಲಿ ಸೆಳೆತ, ಇಲ್ಲದಿದ್ದರೆ ಬರೀ ಕಲ್ಲು.

ಶನಿವಾರ ದಾಂಡೇಲಿ, ಹಳಿಯಾಳ, ಧಾರವಾಡ, ಅಲ್ಲಿಂದ ನೇರ ಹೆದ್ದಾರಿ. ಸುಮಾರು 500 ಕಿ.ಮೀ., ಒಂಬತ್ತು–ಹತ್ತು ಗಂಟೆ. 6ಕ್ಕೆ ಹೊರಟರೆ ದಾವಣಗೆರೆಯಲ್ಲಿ ಬೆಣ್ಣೆದೋಸೆ, ಸಂಜೆ 5ಕ್ಕೆ ನೆಲಮಂಗಲ. ಖರ್ಚಿನಲ್ಲಿ ಪೆಟ್ರೋಲ್‌ಗೆ ಲೀಟರಿಗೆ 13–14 ಕಿ.ಮೀ. ಹಿಡಿಯಿರಿ, ಘಟ್ಟದಲ್ಲಿ ಇಳಿಯುತ್ತದೆ: ಒಟ್ಟು 95–100 ಲೀಟರ್.

ಭಾನುವಾರ ಕಾರು ತೊಳೆಸುವಾಗ ಮೇಲಿನ ಹೊಳಪು ಬಿಟ್ಟು ಅಡಿಭಾಗಕ್ಕೆ, ಚಕ್ರದ ಒಳಗೋಡೆಗೆ ನೀರು ಹೊಡೆಸಿ. ಮಲ್ಪೆಯ ಉಪ್ಪುಗಾಳಿ, ಮರವಂತೆಯ ಮರಳು, ಕಳಸದ ಕೆಸರು ಮೂರೂ ಅಲ್ಲೇ ಕೂತಿರುತ್ತವೆ.