ಲೆಕ್ಕ ತೆರೆದಿರಲಿ, ಬಾಯಿ ಮುಚ್ಚಿರಲಿ

ಆರಾಧನೆಯಲ್ಲಿ ಒಳ್ಳೆಯ ಪ್ರಸಂಗ (ಉಪದೇಶ) ಮಾಡಿದರೆ ಸಭೆಯ, ಅಂದರೆ ಚರ್ಚಿನ, ಜನ ನಂಬುತ್ತಾರೆ ಅಂದುಕೊಂಡು ಪಾಸ್ಟರ್ ಕೆಲಸಕ್ಕೆ ಬರುವವರು ಜಾಸ್ತಿ. ವರ್ಷಗಟ್ಟಲೆ ಈ ಕೆಲಸ ಮಾಡಿದ ಮೇಲೆ ನನಗೆ ಕಾಣುವುದು ಬೇರೆ. ಪ್ರಸಂಗ ಕೇಳಿ ಜನ ಮೆಚ್ಚುತ್ತಾರೆ. ನಂಬುವ ಮೊದಲು ಎರಡು ವಿಷಯ ನೋಡುತ್ತಾರೆ: ಕೊಟ್ಟ ಕಾಣಿಕೆ ಎಲ್ಲಿಗೆ ಹೋಯಿತು, ಹೇಳಿಕೊಂಡ ಕಷ್ಟ ಎಲ್ಲಿಗೆ ಹೋಯಿತು.

ಕಾಣಿಕೆಯ ವಿಷಯ ಎಲ್ಲರಿಗೂ ಗೊತ್ತಿರಬೇಕು. ಕಷ್ಟದ ವಿಷಯ ಕೇಳಿಸಿಕೊಂಡವರ ಹತ್ತಿರವೇ ಇರಬೇಕು. ಎಷ್ಟೋ ಸಭೆಗಳಲ್ಲಿ ಇದು ತಲೆಕೆಳಗಾಗಿದೆ. ಲೆಕ್ಕದ ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುತ್ತದೆ, ಯಾರದೋ ಮನೆಯ ಜಗಳ ಮಾತ್ರ ಬಾಯಿಂದ ಬಾಯಿಗೆ ಓಡಾಡುತ್ತಿರುತ್ತದೆ.

ದುಡ್ಡಿನ ಮಾತು ಬಂದರೆ ಸಾಕು, "ಪಾಸ್ಟರ್ ಮೇಲೆ ನಂಬಿಕೆ ಇಲ್ವಾ?" ಅಂತ ಯಾರಾದರೂ ಕೇಳುತ್ತಾರೆ. ಈ ಮಾತು ನನಗೆ ಸ್ವಲ್ಪವೂ ಇಷ್ಟವಿಲ್ಲ. ಕ್ರೈಸ್ತ ಸಭೆಯ ಮೊದಲ ಕಾಲದ ಬೋಧಕ ಪೌಲನನ್ನೇ ನೋಡಿ. ಯೆರೂಸಲೇಮಿನ ಬಡವರಿಗಾಗಿ ಬೇರೆ ಬೇರೆ ಸಭೆಗಳು ಹಣ ಕೂಡಿಸುತ್ತಿದ್ದಾಗ ಆ ಕೆಲಸವನ್ನು ಅವನು ಒಬ್ಬನೇ ಇಟ್ಟುಕೊಳ್ಳಲಿಲ್ಲ. ತನ್ನ ಜೊತೆ ಕೆಲಸ ಮಾಡುತ್ತಿದ್ದ ತೀತನನ್ನು ಕಳಿಸಿದ, ಜೊತೆಗೆ ಸಭೆಗಳವರೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಸೇರಿಸಿದ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಕಾರಣವನ್ನೂ ಬರೆದ. ಬೈಬಲಿನಲ್ಲಿ, ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಇದೆ. ದೇವರ ಮುಂದೆ ಸರಿಯಾಗಿದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅನ್ನುವುದು ಅವನ ನಿಲುವು. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯೂ ಇದನ್ನೇ ನಿಯಮ ಮಾಡಿದೆ. ಜನ ಕೊಟ್ಟದ್ದರ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕು. ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕು.

ನಮ್ಮಲ್ಲಿ ಆರಾಧನೆ ಮುಗಿದ ಕೂಡಲೇ ಒಂದೇ ಮನೆಯವರಲ್ಲದ ಇಬ್ಬರು ಕೂತು ಕಾಣಿಕೆ ಎಣಿಸುತ್ತಾರೆ. ಇಬ್ಬರೂ ಸಹಿ ಹಾಕುತ್ತಾರೆ. ನಾನು ಆ ದುಡ್ಡು ಮುಟ್ಟುವುದಿಲ್ಲ. ಬ್ಯಾಂಕ್ ಚೆಕ್ಕಿಗೂ ಇಬ್ಬರ ಸಹಿ ಬೇಕು. ಖಜಾಂಚಿ ಎಷ್ಟೇ ಪ್ರಾಮಾಣಿಕರಾಗಿರಲಿ, ಈ ವ್ಯವಸ್ಥೆ ಅವರಿಗೂ ಒಳ್ಳೆಯದೇ. ನಾಳೆ ಯಾರಾದರೂ ಸುಮ್ನೆ ಒಂದು ಮಾತು ಎಸೆದರೆ ತೋರಿಸಲು ಅವರ ಕೈಯಲ್ಲಿ ಕಾಗದ ಇರುತ್ತದೆ.

ಕಾಗದಕ್ಕಿಂತ ಕಷ್ಟದ್ದು ಪ್ರಶ್ನೆಯನ್ನು ಸ್ವೀಕರಿಸುವುದು. ವಾರ್ಷಿಕ ಸಭೆಯಲ್ಲಿ ಒಬ್ಬರು ಎದ್ದು ನಿಂತು ರಿಪೇರಿ ಖರ್ಚು ಯಾಕೆ ಇಷ್ಟಾಯಿತು ಅಂತ ಕೇಳಿದರು ಅನ್ನಿ. ಆಗ ಎಲ್ಲರ ಕಣ್ಣೂ ಪಾಸ್ಟರ್ ಮುಖದ ಮೇಲೆ ಇರುತ್ತದೆ. ಮುಖ ಗಂಟಿಕ್ಕಿದರೆ ಮುಂದಿನ ವರ್ಷ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದನ್ನು ಗೇಟಿನ ಹೊರಗೆ ನಿಂತು ಮಾತಾಡಿಕೊಳ್ಳುತ್ತಾರೆ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ಓದುವುದು ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯ. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಗ್ರೀಕ್ ಮಾತಾಡುವವರು ಗೊಣಗಿದರು. ಸಭೆ ನಡೆಸುತ್ತಿದ್ದ ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಅವರನ್ನು ಗದರಲಿಲ್ಲ. ಎಲ್ಲರನ್ನೂ ಕರೆದು, ನೀವೇ ಏಳು ಜನರನ್ನು ಆರಿಸಿ ಅಂದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ! ದೂರು ಎದ್ದ ಕಡೆಯವರ ಕೈಗೇ ಜವಾಬ್ದಾರಿ ಕೊಟ್ಟಂತೆ ಕಾಣುತ್ತದೆ, ಅಲ್ವಾ? ನಾನೂ ಇದನ್ನೇ ಮಾಡುತ್ತೇನೆ. ಗಟ್ಟಿಯಾಗಿ ಪ್ರಶ್ನೆ ಕೇಳುವವರನ್ನು ಕಮಿಟಿಗೆ ಕರೆಯುತ್ತೇನೆ. ಅವರಿಂದ ಮೀಟಿಂಗ್ ಉದ್ದವಾಗುತ್ತದೆ ನಿಜ. ಆದರೆ ಅಲ್ಲಿ ಆದ ತೀರ್ಮಾನ ನಿಲ್ಲುತ್ತದೆ.

ಇನ್ನು ಗುಟ್ಟಿನ ವಿಷಯ. ಸಭೆಗಳಲ್ಲಿ ಗುಟ್ಟು ಹೊರಗೆ ಬೀಳುವುದು ಹೆಚ್ಚಾಗಿ ಪ್ರಾರ್ಥನೆಯ ಹೆಸರಿನಲ್ಲಿ. "ಆ ತಂಗಿಗೋಸ್ಕರ ಪ್ರಾರ್ಥನೆ ಮಾಡಿ, ಗಂಡನ ಜೊತೆ ಸರಿಯಿಲ್ಲವಂತೆ" ಅಂತ ಕಳಕಳಿಯಿಂದಲೇ ಹೇಳುತ್ತಾರೆ. ಆ ತಂಗಿ ಮತ್ತೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಅದಕ್ಕೇ ನಾನು ಮೊದಲೇ ಕೇಳಿಬಿಡುತ್ತೇನೆ: ಪ್ರಾರ್ಥನೆ ಕೂಟದಲ್ಲಿ ಹೇಳಬಹುದಾ? ಎಷ್ಟು ಹೇಳಲಿ? ಪ್ರಸಂಗದಲ್ಲಂತೂ ಹೆಸರು ಬಿಟ್ಟೂ ಹೇಳುವುದಿಲ್ಲ. ಚಿಕ್ಕ ಸಭೆಯಲ್ಲಿ ಹೆಸರು ಬಿಟ್ಟರೂ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಒಂದು ಕಡೆ ಮಾತ್ರ ನಾನು ಗುಟ್ಟಿನ ಮಾತು ಕೊಡುವುದಿಲ್ಲ. ಮಗುವಿಗೆ ಅಪಾಯ ಇದ್ದರೆ ಸುಮ್ಮನಿರುವುದಿಲ್ಲ ಅಂತ ಮಾತು ಶುರುವಾಗುವ ಮೊದಲೇ ಹೇಳುತ್ತೇನೆ. ಹಾಗೇನಾದರೂ ಗೊತ್ತಾದರೆ ಅದು ಹಿರಿಯರ ಮೀಟಿಂಗಿನಲ್ಲಿ ಬಗೆಹರಿಸುವ ವಿಷಯವಲ್ಲ, ಪೊಲೀಸರಿಗೆ ತಿಳಿಸುವ ವಿಷಯ. ಅಮೆರಿಕದ ಬಾಸ್ಟನ್ನಿನಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಪಾದ್ರಿಗಳನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತಾ ಮುಚ್ಚಿಟ್ಟದ್ದು 2002ರಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. ಅದೇ ವರ್ಷದ ಕೊನೆಗೆ ಅಲ್ಲಿನ ಕಥೋಲಿಕ ಸಭೆಯ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ರಾಜೀನಾಮೆ ಕೊಟ್ಟರು. ಸಭೆಯ ಹೆಸರು ಉಳಿಸಲು ಅಂತ ಮಾಡಿದ ಕೆಲಸ ಆ ಮಕ್ಕಳನ್ನೂ ಉಳಿಸಲಿಲ್ಲ, ಹೆಸರನ್ನೂ ಉಳಿಸಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಒಂದು ಸಭೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಲೆಕ್ಕ, ನಿರ್ಣಯಗಳ ಪುಸ್ತಕ, ಬೀಗದ ಕೈ ಎಲ್ಲವನ್ನೂ ಕಮಿಟಿಯ ಎದುರಿಗೇ ಹೊಸ ಪಾಸ್ಟರ್ ಕೈಗೆ ಕೊಡುತ್ತೇನೆ. ನನ್ನ ಹತ್ತಿರ ಕಷ್ಟ ಹೇಳಿಕೊಂಡವರನ್ನು ಮಾತ್ರ ಒಬ್ಬೊಬ್ಬರನ್ನಾಗಿ ಕೇಳುತ್ತೇನೆ, "ಬರುವವರಿಗೆ ತಿಳಿಸಲಾ?" ಅಂತ. ಕೆಲವರು ಹ್ಞೂಂ ಅನ್ನುತ್ತಾರೆ. ಬೇಡ ಅಂದವರ ವಿಷಯ ಅಲ್ಲಿಗೇ ಬಿಡುತ್ತೇನೆ. ಹೊಸಬರ ಮೇಲೆ ನಂಬಿಕೆ ಬಂದಾಗ ಅವರೇ ಹೇಳಿಕೊಳ್ಳುತ್ತಾರೆ.