ಮದುವೆ ಗಂಡಿನ ಸೂಟು ಮೊದಲು ಭುಜಕ್ಕೆ ಕೂರಬೇಕು

ಮಂಡ್ಯದಲ್ಲಿ ಕೋಟು ಕತ್ತರಿಸಿ ಹೊಲಿಯುವುದು ನನ್ನ ಕೆಲಸ. ಶರ್ಟು, ಪ್ಯಾಂಟು ವರ್ಷವಿಡೀ ಬರುತ್ತವೆ. ಸೂಟಿನ ಆರ್ಡರ್ ಮಾತ್ರ ಹೆಚ್ಚು ಕಡಿಮೆ ಎಲ್ಲವೂ ಮದುವೆ ಗಂಡುಗಳದ್ದೇ. ನಮ್ಮ ಕಡೆ ಮುಹೂರ್ತಕ್ಕೆ ಪಂಚೆ, ಶಲ್ಯ, ಪೇಟ. ಸೂಟು ಹಾಕುವುದು ಹಿಂದಿನ ಸಂಜೆಯ ಆರತಕ್ಷತೆಗೆ. ಲೆಕ್ಕ ಹಾಕಿದರೆ ಮೂರು ನಾಲ್ಕು ಗಂಟೆ ಅಷ್ಟೇ. ಆದರೆ ಆಲ್ಬಮ್ಮಿನಲ್ಲಿ ಜಾಸ್ತಿ ಫೋಟೋ ಇರುವುದು ಆ ಗಂಟೆಗಳದ್ದೇ ಅಲ್ವಾ? ಊರಿನವರೆಲ್ಲ ಸಾಲಾಗಿ ಬಂದು ಪಕ್ಕದಲ್ಲಿ ನಿಂತು ತೆಗೆಸಿಕೊಂಡಿರುತ್ತಾರೆ.

ಅಂಗಡಿಗೆ ಬಂದವರು ಮೊದಲು ಕೇಳುವುದು ಬಣ್ಣ. ಆಮೇಲೆ ಯಾವ ಕಂಪನಿ ಬಟ್ಟೆ ಅಂತ. ಭುಜದ ವಿಷಯ ಯಾರೂ ಎತ್ತುವುದಿಲ್ಲ. ಕೋಟಿನಲ್ಲಿ ಬೇರೆ ಯಾವುದು ತಪ್ಪಿದರೂ ಸ್ವಲ್ಪ ಸರಿ ಮಾಡಬಹುದು. ತೋಳು ಉದ್ದವಾದರೆ ಮಡಚಬಹುದು. ಸೊಂಟ ಸಡಿಲವಾದರೆ ಬೆನ್ನಿನ ನಡುವಿನ ಹೊಲಿಗೆ ಬಿಚ್ಚಿ ಒಂದು ಒಂದೂವರೆ ಇಂಚು ಹಿಡಿಯಬಹುದು. ಭುಜ ಹಾಗಲ್ಲ. ಅದನ್ನು ಕಿರಿದು ಮಾಡಬೇಕಾದರೆ ತೋಳು ಬಿಚ್ಚಬೇಕು, ಲೈನಿಂಗ್ ಬಿಚ್ಚಬೇಕು, ಪ್ಯಾಡ್ ತೆಗೆದು ಕಂಕುಳ ಸುತ್ತನ್ನೇ ಹೊಸದಾಗಿ ಕತ್ತರಿಸಬೇಕು. ಅಷ್ಟೆಲ್ಲ ಮಾಡಿದರೂ ಕಾಲರ್ ಒಂದು ಕಡೆ ಎಳೆಯುತ್ತದೆ. ಕೂಲಿಯೂ ಹೊಸ ಕೋಟಿನ ಅರ್ಧಕ್ಕೆ ಬಂದು ನಿಲ್ಲುತ್ತದೆ.

ಹೋದ ವರ್ಷ ಪಾಂಡವಪುರ ಕಡೆಯ ಹುಡುಗನೊಬ್ಬ ರೆಡಿಮೇಡ್ ಸೂಟು ಹಿಡಿದುಕೊಂಡು ಬಂದ. ಜೊತೆಗೆ ಅವನ ಸೋದರಮಾವ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರು ಹತ್ತಿರವಾಗಿದೆ, ಅಲ್ಲಿಂದಲೇ ತಂದಿದ್ದರು. "ಅಣ್ಣಾ, ಹೊಟ್ಟೆಗೆ ಸರಿಯಾಗೇ ಅದೆ, ಭುಜ ವಸಿ ಇಳಿಸ್ಕೊಡಿ ಸಾಕು" ಅಂದರು ಮಾವ. ಹಾಕಿಸಿ ನೋಡಿದೆ. ಹುಡುಗನ ಎದೆ 41 ಇಂಚು, ಸೊಂಟ 37. ಹೊಟ್ಟೆ ಹಿಡಿಯುತ್ತದೆ ಅಂತ 44 ಸೈಜು ಕೊಟ್ಟಿದ್ದಾರೆ. ಭುಜದ ತುದಿ ಅವನ ಮೂಳೆಯಿಂದ ಆಚೆ ಇಳಿದು, ತೋಳಿನ ಮೇಲೆ ತಗ್ಗು ಬಿದ್ದಿತ್ತು. ಬೇರೆ ಯಾರದೋ ಕೋಟು ಹಾಕಿಕೊಂಡ ಹಾಗೆ ಕಾಣುತ್ತಿದ್ದ.

ಬಿಲ್ಲು ನೋಡಿದರೆ ಬದಲಾಯಿಸಲು ಇನ್ನೂ ದಿನ ಇತ್ತು. "ಇದನ್ನ ಕೊಟ್ಟು 42 ತಗೊಂಡು ಬನ್ನಿ, ಹೊಟ್ಟೆ ನಾನು ನೋಡಿಕೊಳ್ಳುತ್ತೇನೆ" ಅಂದೆ. ತಂದರು. ಭುಜ ಸರಿಯಾಗಿ ಕೂತಿತು. ಪಕ್ಕದ ಹೊಲಿಗೆ ಬಿಚ್ಚಿ ಒಳಗಿದ್ದಷ್ಟು ಬಟ್ಟೆ ಸಡಿಲ ಮಾಡಿ, ಗುಂಡಿಯನ್ನು ಅರ್ಧ ಇಂಚು ಸರಿಸಿದೆ. 42ರ ಕೋಟಿನ ಜೊತೆ ಸಾಮಾನ್ಯವಾಗಿ 36 ಸೊಂಟದ ಪ್ಯಾಂಟು ಬರುತ್ತದೆ. ರೆಡಿಮೇಡ್ ಸೂಟಿನಲ್ಲಿ ಎದೆಗೂ ಸೊಂಟಕ್ಕೂ ಆರು ಇಂಚು ವ್ಯತ್ಯಾಸ ಇಟ್ಟೇ ಹೊಲಿಯುತ್ತಾರೆ. ಮದುವೆ ವಯಸ್ಸಿನ ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಆ ಆರು ಇಂಚು ವ್ಯತ್ಯಾಸ ಇದೆ ಹೇಳಿ. ಪ್ಯಾಂಟಿನ ಹಿಂದೆ ಒಳಗೆ ಬಟ್ಟೆ ಇತ್ತು, ಬಿಚ್ಚಿ ಸಡಿಲ ಮಾಡಿದೆ. ಒಟ್ಟು ಖರ್ಚು ಕೆಲವು ನೂರು ರೂಪಾಯಿ. ರೆಡಿಮೇಡ್ ತಗೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಭುಜಕ್ಕೆ ಸರಿಯಾದ ಸೈಜು ಹಿಡಿಯಿರಿ, ಹೊಟ್ಟೆಯನ್ನು ಟೈಲರ್‌ಗೆ ಬಿಡಿ. ತೋಳಿನ ತುದಿಯ ಗುಂಡಿಗಳನ್ನೂ ನೋಡಿ. ಅಲ್ಲಿ ನಿಜವಾಗಿ ಕಾಜ ಕತ್ತರಿಸಿದ್ದರೆ ತೋಳನ್ನು ಕೆಳಗಿನಿಂದ ಕಡಿಮೆ ಮಾಡಲು ಆಗುವುದಿಲ್ಲ. ಸುಮ್ನೆ ಗುಂಡಿ ಮಾತ್ರ ಹಚ್ಚಿದ್ದರೆ ಒಳ್ಳೆಯದೇ.

ಮಂಡ್ಯದಲ್ಲಿ ಎಷ್ಟೋ ಮನೆ, ಹೋಟೆಲು, ಆಫೀಸಿನ ಗೋಡೆಯ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ಇದೆ. ಕೋಟು, ಟೈ, ತಲೆಗೆ ಮೈಸೂರು ಪೇಟ. ಕೋಟು ಹೇಗೆ ಕೂರಬೇಕು ಅಂತ ಕೇಳಿದವರಿಗೆ ನಾನು ಆ ಫೋಟೋ ತೋರಿಸುತ್ತೇನೆ. ಮೊದಲು ಭುಜ ನೋಡಿ, ಆಮೇಲೆ ಕುತ್ತಿಗೆ ನೋಡಿ. ಶರ್ಟಿನ ಕಾಲರಿಗೂ ಕೋಟಿನ ಕಾಲರಿಗೂ ನಡುವೆ ಹಿಂದುಗಡೆ ಬೆರಳು ತೂರುವಷ್ಟು ಸಂದು ಬಿಟ್ಟರೆ ಆ ಕೋಟು ನಿಮ್ಮದಲ್ಲ.

ಇನ್ನೊಂದು ವಿಷಯ ಕೇಳಿದರೆ ತುಂಬಾ ಜನಕ್ಕೆ ಆಶ್ಚರ್ಯವಾಗುತ್ತದೆ. ಕೈ ಆಡಿಸಲು ಸಲೀಸಾಗಲಿ ಅಂತ ಕಂಕುಳು ದೊಡ್ಡದಾಗಿ ಕತ್ತರಿಸಿ ಅನ್ನುತ್ತಾರೆ. ಆಗುವುದು ಉಲ್ಟಾ. ಕಂಕುಳು ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ಕೋಟು ಮೇಲೆ ಏಳುತ್ತದೆ. ಕಂಕುಳಿಗೆ ಹತ್ತಿರವಾಗಿ ಕತ್ತರಿಸಿದರೆ ತೋಳು ಮಾತ್ರ ಆಡುತ್ತದೆ, ಕೋಟು ಇದ್ದಲ್ಲೇ ಇರುತ್ತದೆ. ಮದುವೆ ಗಂಡಿಗೆ ಇದು ಬಹಳ ಮುಖ್ಯ. ಅವನು ಸ್ಟೇಜಿನ ಮೇಲೆ ಸುಮ್ಮನೆ ನಿಲ್ಲುವುದಿಲ್ಲ. ಕೈ ಮುಗಿಯುತ್ತಾನೆ. ಹಾರ ಹಾಕಿಸಿಕೊಳ್ಳುತ್ತಾನೆ. ಮುಯ್ಯಿ ಕವರ್ ಇಸಿದುಕೊಂಡು ಪಕ್ಕದವರಿಗೆ ದಾಟಿಸುತ್ತಾನೆ. ಅಜ್ಜಿ ತಾತ ಬಂದರೆ ಬಗ್ಗಿ ಕಾಲಿಗೆ ಬೀಳುತ್ತಾನೆ. ಅದಕ್ಕೇ ನಮ್ಮಲ್ಲಿ ಟ್ರಯಲ್ ಅಂದರೆ ಕನ್ನಡಿ ಮುಂದೆ ನೆಟ್ಟಗೆ ನಿಲ್ಲಿಸುವುದಲ್ಲ. ಇದಿಷ್ಟನ್ನೂ ಮಾಡಿಸುತ್ತೇನೆ. ಕೈ ಮುಗಿದಾಗ ಬೆನ್ನು ಬಿಗಿಯುತ್ತದಾ, ಬಗ್ಗಿದಾಗ ಪ್ಯಾಂಟಿನ ಹಿಂಭಾಗ ಎಳೆಯುತ್ತದಾ, ಎಲ್ಲ ಆಗಲೇ ಗೊತ್ತಾಗುತ್ತದೆ. ಕಚ್ಚಾ ಹೊಲಿಗೆಯಲ್ಲಿ ಇರುವಾಗ ಸರಿ ಮಾಡುವುದು ಸುಲಭ. ಕೊನೆ ಇಸ್ತ್ರಿ ಆದ ಮೇಲೆ ಕಷ್ಟ.

ಅಳತೆ ಕೊಡುವಾಗ ಹುಡುಗರು ಹೊಟ್ಟೆ ಒಳಗೆಳೆದು ಎದೆ ಉಬ್ಬಿಸಿ ನಿಲ್ಲುತ್ತಾರೆ. ನಾನು ಮಾತಾಡಿಸುತ್ತಾ ಇರುತ್ತೇನೆ, ಊರು ಯಾವುದು, ಛತ್ರ ಎಲ್ಲಿ ಅಂತ. ಮಾತಿಗೆ ಬಿದ್ದರೆ ಮೈ ಸಡಿಲವಾಗುತ್ತದೆ, ಆಗ ಟೇಪು ಹಿಡಿಯುತ್ತೇನೆ. ಎಲ್ಲರ ಎರಡು ಭುಜವೂ ಒಂದೇ ಸಮ ಇರುವುದಿಲ್ಲ. ಒಂದು ಇಳಿದಿದ್ದರೆ ಆ ಕಡೆ ಪ್ಯಾಡ್ ಸ್ವಲ್ಪ ದಪ್ಪ ಇಡಬೇಕು. ಕಂಪ್ಯೂಟರ್ ಮುಂದೆ ಕೂರುವ ಹುಡುಗರಿಗೆ ಬೆನ್ನು ಬಾಗಿರುತ್ತದೆ. ಅವರಿಗೆ ಹಿಂದಿನ ಉದ್ದ ಒಂಚೂರು ಜಾಸ್ತಿ ಬೇಕು, ಇಲ್ಲದಿದ್ದರೆ ಕೋಟು ಹಿಂದೆ ಮೇಲಕ್ಕೆ ನಿಲ್ಲುತ್ತದೆ. ಇವೆಲ್ಲ ರೆಡಿಮೇಡ್‌ನಲ್ಲಿ ಸಿಗುವುದಿಲ್ಲ. ಆರತಕ್ಷತೆಗೆ ಹಾಕುವ ಶೂ ಮತ್ತು ಶರ್ಟು ಟ್ರಯಲ್ಲಿಗೆ ತರಲೇಬೇಕು. ಚಪ್ಪಲಿಯಲ್ಲಿ ನಿಂತು ಕೊಟ್ಟ ಪ್ಯಾಂಟಿನ ಉದ್ದ ಶೂ ಹಾಕಿದಾಗ ಬೇರೆಯಾಗುತ್ತದೆ.

ಈಗ ದುಡ್ಡಿನ ಮಾತು. ನಮ್ಮ ಕಡೆ ಎಷ್ಟೋ ಮದುವೆಗಳಲ್ಲಿ ಗಂಡಿನ ಸೂಟು ಕೊಡಿಸುವುದು ಹೆಣ್ಣಿನ ಮನೆಯವರು. ಬಟ್ಟೆ ಹಾಸಿ ತೋರಿಸುವಾಗ ನಾನು ಹೆಣ್ಣಿನ ಅಪ್ಪನ ಮುಖ ನೋಡುತ್ತೇನೆ. ಹುಡುಗನ ಕಡೆಯವರು ಎಲ್ಲಕ್ಕಿಂತ ದುಬಾರಿ ಬಟ್ಟೆಗೆ ಕೈ ಹಾಕಿದರೆ ಅವರು ಬೇಡ ಅನ್ನಲಾರರು. ಫ್ಯಾಕ್ಟರಿಯಿಂದ ಕಬ್ಬಿನ ದುಡ್ಡು ಇನ್ನೂ ಬಂದಿರುವುದಿಲ್ಲ. ಆದರೂ "ಆಯ್ತು, ತಗೊಳ್ಳಿ ಅಳಿಯಂದಿರೇ" ಅನ್ನುತ್ತಾರೆ. ಅಂಥ ಹೊತ್ತಲ್ಲಿ ನಾನೇ ಬಾಯಿ ಹಾಕಿ, ಮಧ್ಯದ ಬೆಲೆಯ ಬಟ್ಟೆ ಮುಂದಿಟ್ಟು ಯಾಕೆ ಇದೇ ಸಾಕು ಅಂತ ವಿವರಿಸುತ್ತೇನೆ. ವ್ಯಾಪಾರ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ಒಂದು ಸಂಜೆಯ ಕೋಟಿಗೆ ಒಂದು ಮನೆ ಸಾಲಕ್ಕೆ ಬೀಳಬಾರದು.

ಎರಡು ಪೀಸಿನ, ಅಂದರೆ ಕೋಟು ಪ್ಯಾಂಟಿನ, ಸೂಟಿಗೆ 58 ಇಂಚು ಅಗಲದ ಬಟ್ಟೆ ಸುಮಾರು ಮೂರೂಕಾಲು ಮೀಟರ್ ಬೇಕು. ಮೀಟರಿಗೆ 800 ರೂಪಾಯಿಯ ಟೆರಿ ವೂಲ್ (ಪಾಲಿಯೆಸ್ಟರ್, ಉಣ್ಣೆ ಬೆರೆತ ಬಟ್ಟೆ) ತಗೊಂಡರೆ ಬಟ್ಟೆಗೆ 2,600. ನಮ್ಮಲ್ಲಿ ಹೊಲಿಗೆ 4,500. ಒಟ್ಟು 7,100ಕ್ಕೆ ಮೈಗೆ ಹೊಂದುವ ಸೂಟು ಆಗುತ್ತದೆ. ತೆರಿಗೆಯ ಲೆಕ್ಕವೂ ಇದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿಗಿಂತ ಹೆಚ್ಚಿನ ರೆಡಿಮೇಡ್ ಬಟ್ಟೆಗೆ ಜಿಎಸ್‌ಟಿ 18 ಪರ್ಸೆಂಟ್. ಮೀಟರ್ ಲೆಕ್ಕದ ಬಟ್ಟೆಗೆ 5. ಮದುವೆ ಶ್ರಾವಣದಲ್ಲೋ ಕಾರ್ತಿಕದಲ್ಲೋ ಇದ್ದರೆ ಆಷಾಢದ ಸೇಲ್‌ನಲ್ಲೇ ಬಟ್ಟೆ ತೆಗೆದಿಡಿ. ಆಗ ಟೈಲರ್‌ಗೂ ಕೆಲಸದ ಒತ್ತಡ ಕಡಿಮೆ, ನಿಮ್ಮ ಕೋಟಿನ ಮೇಲೆ ಗಮನ ಇರುತ್ತದೆ. ಆಮೇಲೆ ಎಂದೂ ಕೋಟು ಹಾಕುವುದಿಲ್ಲ ಅನ್ನುವವರು ಬಾಡಿಗೆಗೆ ತಂದರೂ ತಪ್ಪಿಲ್ಲ. ಅಲ್ಲೂ ಭುಜವನ್ನೇ ಮೊದಲು ನೋಡಿ.

ಬಟ್ಟೆ ಆರಿಸುವಾಗ ಒಂದು ತುದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಬಿಡಿ. ಉಣ್ಣೆ ಬೆರೆತಿದ್ದರೆ ಸುಕ್ಕು ತಾನಾಗೇ ಬಿಡುತ್ತಾ ಬರುತ್ತದೆ. ಅಂಚಿನಲ್ಲಿ ಸೂಪರ್ 120 ಅಂತ ಬರೆದಿದ್ದರೆ ಅಷ್ಟಕ್ಕೇ ಬೆಲೆ ಕೊಡಬೇಡಿ. ಉಣ್ಣೆ ಎಷ್ಟು ಭಾಗ ಅಂತ ಕೇಳಿ. ಆ ನಂಬರ್ ಉಣ್ಣೆಯ ಎಳೆ ಎಷ್ಟು ನಯ ಅನ್ನುವುದರದ್ದು, ಎಷ್ಟು ವರ್ಷ ಬಾಳುತ್ತದೆ ಅನ್ನುವುದರದ್ದಲ್ಲ. ಪೂರ್ತಿ ಪಾಲಿಯೆಸ್ಟರ್ ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಸ್ಟೇಜಿನ ಲೈಟಿನ ಕೆಳಗೆ ಹುಡುಗ ಬೆವರಿ ಸೋತುಹೋಗುತ್ತಾನೆ. ಮಿಂಚುವ ಬಟ್ಟೆ ಫ್ಲ್ಯಾಶ್ ಬಿದ್ದ ಕಡೆ ಬೆಳ್ಳಗೆ ಕಾಣುತ್ತದೆ. ನೇವಿ ಬ್ಲೂ, ಕಡು ಬೂದು ಬಣ್ಣ ಫೋಟೋಕ್ಕೂ ಒಳ್ಳೆಯದು, ಮುಂದೆ ಆಫೀಸಿಗೂ ಆಗುತ್ತದೆ. ಹೆಣ್ಣಿನ ಸೀರೆಗೆ ಮ್ಯಾಚಿಂಗ್ ಬೇಕು ಅನ್ನುವವರಿಗೆ ಬ್ಲೌಸ್ ಪೀಸ್‌ನಲ್ಲಿ ಉಳಿದ ಚೂರು ತರಲು ಹೇಳುತ್ತೇನೆ. ಅದರಲ್ಲೇ ಎದೆ ಜೇಬಿಗೆ ಕರ್ಚೀಫು ಹೊಲಿದುಕೊಡುತ್ತೇನೆ. ಮೈಸೂರು ರೇಷ್ಮೆಯ ಚೂರಾದರಂತೂ ಬಹಳ ಚೆಂದ ಕಾಣುತ್ತದೆ. ಅದಕ್ಕೆ ಕೂಲಿ ತಗೊಳ್ಳುವುದಿಲ್ಲ.

ಹೊಲಿಯಲು ಕೊಡುವಾಗ ಒಳಗೆ ಏನು ಹಾಕುತ್ತೀರಿ ಅಂತ ಕೇಳಿ. ಎದೆಯ ಭಾಗಕ್ಕೆ ಅಂಟಿಸುವ ಒಳಪದರ, ಅಂದರೆ ಫ್ಯೂಸಿಂಗ್, ಅಗ್ಗ. ಅದು ಕಳಪೆಯಾದರೆ ಡ್ರೈ ಕ್ಲೀನ್ ಆದ ಮೇಲೆ ಬಟ್ಟೆ ಅಲ್ಲಲ್ಲಿ ಗುಳ್ಳೆ ಏಳುತ್ತದೆ. ಎದೆಗೆ ಮಾತ್ರ, ಅಂಟಿಸದೆ ಹೊಲಿದು ಕೂರಿಸುವ ಕ್ಯಾನ್ವಾಸ್ ಹಾಕಿಸಿದರೆ ಸ್ವಲ್ಪ ಖರ್ಚು ಹೆಚ್ಚು, ಬಾಳಿಕೆ ಚೆನ್ನಾಗಿರುತ್ತದೆ. ಮದುವೆಗೆ ಒಂದೂವರೆ ತಿಂಗಳ ಮುಂಚೆ ಕೊಡಿ. ಕೊನೆಯ ಟ್ರಯಲ್ ಮಾತ್ರ ಕೊನೆ ವಾರಕ್ಕೆ ಇಟ್ಟುಕೊಳ್ಳಿ. ನಿಶ್ಚಿತಾರ್ಥ ಆದ ಮೇಲೆ ಕೆಲವರು ಜಿಮ್ಮಿಗೆ ಸೇರುತ್ತಾರೆ, ಕೆಲವರು ನೆಂಟರ ಮನೆ ಊಟಕ್ಕೆ ಸುತ್ತುತ್ತಾರೆ. ಸೊಂಟ ಎರಡೂ ಕಡೆ ಬದಲಾಗುತ್ತದೆ.

ಪಕ್ಕದ ಹೊಲಿಗೆಯಲ್ಲೂ ಬೆನ್ನಿನ ನಡುವಿನ ಹೊಲಿಗೆಯಲ್ಲೂ ಒಂದು ಇಂಚು ಬಟ್ಟೆ ಒಳಗೆ ಬಿಡಿ ಅಂತ ಟೈಲರ್‌ಗೆ ಹೇಳಿ. ಮದುವೆಯಾದ ಮೇಲೆ ಮೈ ತುಂಬಿಕೊಳ್ಳುತ್ತದೆ. ಭಾಮೈದನ ಮದುವೆ ಬಂದಾಗ ಅದೇ ಸೂಟನ್ನು ಬಿಚ್ಚಿಸಿ ಹಾಕಿಕೊಳ್ಳಬಹುದು.